ಪಟೇಲರು ಕಾದ ಕುದುರೆ ಮಸಾಲೆ

ನಮ್ಮ ಕಡೆ ಹೆಂಗಸರು ಯಾರ ಹೊಲದಲ್ಲಾದರೂ ಕಳೆಯಾಗಿ ಬೆಳೆದ ಬೆರಕೆ ಸೊಪ್ಪು ಕಿತ್ತು ಸಾರು ಮಾಡುತ್ತಿದ್ದರು. ಪಟೇಲ ಬಸವಲಿಂಗಯ್ಯನವರು ಮಾತ್ರ, ದನದ ಮೇವಿಗೆ ಬೆಳೆದ ಕುದುರೆ ಮಸಾಲೆ ಸೊಪ್ಪನ್ನೂ ಕದ್ದಾರೆಂದು ಬೇಲಿ ಹಾಕಿಸಿದರು. ಆ ವರ್ಷ ಮಸಾಲೆಗಿಂತ ಕಳೆಯೇ ಎತ್ತರ ಬೆಳೆಯಿತು.

"ನಾಳೆ ಸಂಜೆಗೆ ಕಳೆ ಇರಬಾರದು. ಇದ್ದರೆ ನೀನಿರಬಾರದು," ಎಂದರು ಆಳು ಚಿಕ್ಕತಾಯಿಗೆ.

"ಆಗಲಿ ಬುದ್ಧಿ. ಆದರೆ ನಾಳೆ ಹೆಂಗಸರು ಸೊಪ್ಪಿಗೆ ನುಗ್ತಾರಂತೆ. ನನಗೆ ಅಂಜೋರಲ್ಲ. ಒಳಗೆ ಬಿಟ್ಟು, ಹೊರಗೆ ಹೋಗೋವಾಗ ತಾವೇ ಗೇಟಲ್ಲಿ ಕೂತು ಪುಟ್ಟಿ ನೋಡಿದ್ರೆ ಮಸಾಲೆ ಕದ್ದ ಕಳ್ಳಿ ಸಿಕ್ಕಿಬೀಳ್ತಾಳೆ."

"ಬರಲಿ, ನಾನೇ ಹಿಡೀತೀನಿ."

ಚಿಕ್ಕತಾಯಿ ಮನೆಮನೆಗೆ ಹೋಗಿ ಹೇಳಿದಳು: "ಮಸಾಲೆ ಮುಟ್ಟಬೇಡಿ. ಸೊಪ್ಪು ಚಿವುಟದೆ ಬೇರುಸಮೇತ ಕೀಳಿ."

ಮರುದಿನ ಊರಿಗೆ ಊರೇ ಬಂತು. ಪಟೇಲರು ಕುರ್ಚಿ ಹಾಕಿಕೊಂಡು ಒಂದೊಂದು ಪುಟ್ಟಿಯನ್ನೂ ಕೆದಕಿದರು. ಅಣ್ಣೆ, ಗೋಣಿ, ಕೀರೆ ಸೊಪ್ಪು ಬಿಟ್ಟರೆ ಇನ್ನೇನೂ ಇಲ್ಲ.

ಸಂಜೆ ಮೀಸೆ ತೀಡಿಕೊಂಡರು. "ನಾನು ಕೂತಿದ್ದಕ್ಕೆ ಮಸಾಲೆ ಒಂದೆಲೆ ಹೋಗಲಿಲ್ಲ, ನೋಡು."

"ಹೌದು ಬುದ್ಧಿ. ಕಳೆ ಮಾತ್ರ ಹೋಯ್ತು."

ಪಟೇಲರು ತಿರುಗಿ ನೋಡಿದರು. ಹೊಲ ಬಾಚಿದ ತಲೆಯ ಹಾಗಿತ್ತು. ಮೀಸೆಯಿಂದ ಕೈ ತೆಗೆದು, ಮೆಲ್ಲಗೆ ಕೇಳಿದರು: "ಅಲ್ಲ ಕಣವ್ವ, ಊರಿಗೆಲ್ಲ ಅಷ್ಟು ಸೊಪ್ಪು ಕೊಟ್ಟೆಯಲ್ಲ, ನಮ್ಮನೆ ಸಾರಿಗೆ ಒಂದು ಹಿಡಿ ಇಟ್ಟಿದ್ದೀಯೋ ಇಲ್ಲವೋ?"