ಅಚ್ಚಿನ ಎರಡನೇ ತೂತು

ದೇವಸ್ಥಾನದ ಗಂಟೆ ಎರಕ ಹೊಯ್ಯುವ ದಿನ ಪಾರುಪತ್ಯಗಾರ ಅಳಸಿಂಗಯ್ಯ ಕುಲುಮೆಯ ಮುಂದೆಯೇ ಕುರ್ಚಿ ಹಾಕಿಸಿಕೊಂಡು ಕೂತ. ಅವನ ಲೆಕ್ಕದಲ್ಲಿ ಕಂಚುಗಾರರೆಲ್ಲ ಕಳ್ಳರೇ. ಮಣ್ಣಿನ ಅಚ್ಚಿನ ನೆತ್ತಿಯಲ್ಲಿ ಎರಡು ತೂತು ಕಂಡಿತು.

"ಏನಯ್ಯಾ ಮೋನಾಚಾರಿ, ಎರಡು ಯಾಕೆ?"

"ಒಂದರಲ್ಲಿ ಕಂಚು ಒಳಗೆ ಹೋಗುತ್ತೆ ಬುದ್ಧಿ, ಇನ್ನೊಂದರಲ್ಲಿ ಗಾಳಿ ಹೊರಗೆ ಬರುತ್ತೆ."

"ಗಾಳಿಯಂತೆ ಗಾಳಿ! ದೇವರ ಕಂಚು ನಿನ್ನ ಮನೆಗೆ ಹೋಗೋ ದಾರಿ ಅದು. ಮುಚ್ಚು! ಗಂಟೆ ಕೆಟ್ಟರೆ ನಿನ್ನ ಕುಲುಮೆ ಕೀಳಿಸ್ತೀನಿ."

ಕಂಚುಗಾರ ಮೋನಾಚಾರಿ ಎರಡನೇ ತೂತಿಗೆ ಮಣ್ಣು ಮೆತ್ತಿದ.

ಕುಲುಮೆಯ ಝಳಕ್ಕೆ ಅಳಸಿಂಗಯ್ಯನ ಗಂಟಲು ಒಣಗಿತು. ಕುಡಿಯಲು ಕೇಳಿದ. ಆಚಾರಿ ಎಳನೀರಿಗೆ ದಬ್ಬಳದಿಂದ ಒಂದು ತೂತು ಚುಚ್ಚಿ ಕೈಗಿತ್ತ. ಎತ್ತಿ ಕವುಚಿದರೆ ಎರಡು ತೊಟ್ಟು ಬಿದ್ದು ನಿಂತೇ ಹೋಯಿತು.

"ಇದೇನಯ್ಯಾ ಮೋಸ?"

"ಒಂದೇ ತೂತು ಚುಚ್ಚಿದೆ ಬುದ್ಧಿ. ಎರಡನೇದು ಚುಚ್ಚಿದ್ದರೆ ತಮ್ಮ ಎಳನೀರೂ ನಮ್ಮನೆ ದಾರಿ ಹಿಡೀತಿತ್ತಲ್ಲ!"

ಅಳಸಿಂಗಯ್ಯ ಎಳನೀರನ್ನು ನೋಡಿದ. ಅಚ್ಚನ್ನು ನೋಡಿದ. ಮುಖ ಗಂಟಿಕ್ಕಿಕೊಂಡು, "ಎರಡಕ್ಕೂ ಚುಚ್ಚು" ಎಂದ.

ಎಳನೀರು ಗಟಗಟನೆ ಗಂಟಲಿಗಿಳಿಯಿತು. ಕಂಚೂ ಸಲೀಸಾಗಿ ಅಚ್ಚಿಗಿಳಿಯಿತು.

ಎದ್ದು ಹೊರಟ ಅಳಸಿಂಗಯ್ಯ ಬಾಗಿಲಲ್ಲಿ ಗಕ್ಕನೆ ನಿಂತು ತಿರುಗಿದ.

"ಅಲ್ಲಯ್ಯಾ, ಆ ತೂತಿನಿಂದ ಹೊರಗೆ ಬಂತಲ್ಲ ಗಾಳಿ, ಅದೂ ದೇವಸ್ಥಾನದ್ದೇ ತಾನೆ? ಎಲ್ಲಿಗೆ ಸಾಗಿಸಿದೆ?"