ಅನುಭವಕ್ಕೆ ಸಿಕ್ಕ ಉಪ್ಪರಿಗೆ

"ಮಹಾಪ್ರಭು, ನಮ್ಮ ಸಂಸ್ಥಾನದಲ್ಲಿ ಇನ್ನು ಒಬ್ಬನೇ ಒಬ್ಬ ನಿರುದ್ಯೋಗಿ ಇರುವುದಿಲ್ಲ. ಅದೂ ಬೊಕ್ಕಸದಿಂದ ಬಿಡಿಗಾಸು ಖರ್ಚಿಲ್ಲದೆ!" ಎಂದು ಪ್ರಧಾನಿ ತಮ್ಮರಸಯ್ಯ ಮೀಸೆ ತಿರುವಿದ.

ಹಿರೇಗೋಡಿನ ದೊರೆ ಸರ್ಜಪ್ಪ ನಾಯಕರಿಗೆ ಖರ್ಚಿಲ್ಲ ಎಂಬ ಮಾತು ಕೇಳಿದರೆ ಸಾಕು, ಮಿಕ್ಕದ್ದು ಕಿವಿಗೆ ಬೀಳುತ್ತಿರಲಿಲ್ಲ. "ಭೇಷ್! ರಾಯಸದ ಬಂಕಣ್ಣನನ್ನು ಕರೆಯಿರಿ, ಅಪ್ಪಣೆ ಬರೆಯಲಿ" ಎಂದರು.

ಅರಮನೆಯ ಅಪ್ಪಣೆಪತ್ರಗಳನ್ನೆಲ್ಲ ಬರೆಯುವವನು ಈ ಬಂಕಣ್ಣ. ಅವನು ಬರುವಾಗಲೇ ಬಾಗಿಲಲ್ಲಿ ಕಲ್ಲುಕುಟಿಗ ಕಾಟಯ್ಯ ತಡೆದ.

"ಬಂಕಣ್ಣನೋರೆ, ಹೋದ ತಿಂಗಳು ನಮ್ಮ ನಲವತ್ತು ಜನಾನ ಅರಮನೆ ಕೆಲಸದಿಂದ ತೆಗೆದದ್ದು ಯಾರು?"

"ಪ್ರಧಾನಿಗಳು."

"ಈಗ ಪಾಪ, ನಿರುದ್ಯೋಗಿಗಳು ಅಂತ ನಮ್ಮ ಮೇಲೆ ಕನಿಕರ ಪಡ್ತಿರೋರು ಯಾರು?"

"ಅವರೇ."

"ಅವರ ಹೊಸ ಉಪ್ಪರಿಗೆ ಮನೆ ಕಟ್ಟಬೇಕಂತೆ. ಕೂಲಿ ಇಲ್ಲವಂತೆ, ಅನುಭವ ಸಿಗ್ತದಂತೆ. ಅಪ್ಪ, ತಾತನ ಕಾಲದಿಂದ ಕಲ್ಲು ಕಟ್ಟೋನಿಗೆ ಕಲ್ಲು ಕಟ್ಟೋ ಅನುಭವ ಇವರು ಕೊಡ್ತಾರೆ! ಬರಲ್ಲ ಅಂದ್ರೆ ನಿರುದ್ಯೋಗಿಗಳಿಗೆ ಹಾಕೋ ಅರಮನೆ ಗಂಜೀನೂ ಬಂದ್. ಮನೇಲಿ ಹಿಟ್ಟಿನ ಮಡಕೆ ತಳ ಕಾಣ್ತಾ ಇದೆ, ಏನು ಮಾಡೋದು ಹೇಳಿ?"

ಬಂಕಣ್ಣ ಲೇಖಣಿಯಿಂದ ಕಿವಿ ಕೆರೆದುಕೊಂಡ. "ಹೋಗಿ ಕಟ್ಟು ಕಾಟಯ್ಯ. ನಿನ್ನದೇ ಮನೆ ಅಂದುಕೊಂಡು ಕಟ್ಟು. ಒಲೆ ಎಲ್ಲಿರಬೇಕು ಅಂತ ಹೆಂಡತಿಯನ್ನೂ ಒಂದು ಮಾತು ಕೇಳು."

"ತಮಾಷೆ ಮಾಡ್ತೀರಾ?"

"ನಾನು ಬರೆಯೋ ಕೆಲಸದವನಪ್ಪ, ತಮಾಷೆ ನನಗೆಲ್ಲಿ ಬರುತ್ತೆ?"

ಒಳಗೆ ಹೋಗಿ ಕಾಗದ ಬಿಡಿಸಿದ. ತಮ್ಮರಸಯ್ಯ ಗಂಟಲು ಸರಿಪಡಿಸಿಕೊಂಡು ಹೇಳಿದ: "ಕೂಲಿ ಇಲ್ಲ. ಅನುಭವ ಮಾತ್ರ."

"ಅನುಭವ ಯಾರಿಗೆ ಸ್ವಾಮಿ? ತಮಗೋ ಅವರಿಗೋ?"

"ಅವರಿಗೇ ಕಣಯ್ಯ! ನನಗ್ಯಾಕೆ ಅದು?"

"ಪೂರ್ತಿಯೋ, ಅರ್ಧಂಬರ್ಧವೋ?"

"ನಾನೇನು ಜಿಪುಣನೇ? ತಳಪಾಯದಿಂದ ಮಾಳಿಗೆವರೆಗೂ ಪೂರ್ತಿ ಅಂತ ಬರಿ!"

ಬಂಕಣ್ಣ ಬರೆದ: 'ಸದರಿ ಉಪ್ಪರಿಗೆ ಮನೆಯ ತಳಪಾಯದಿಂದ ಮಾಳಿಗೆಯವರೆಗಿನ ಸಂಪೂರ್ಣ ಅನುಭವವು ಈ ನಲವತ್ತು ಮಂದಿಗೇ ಸೇರತಕ್ಕದ್ದು.' ದೊರೆಯ ಮುದ್ರೆ ಬಿತ್ತು. ಪ್ರಧಾನಿಯೂ ರುಜು ಹಾಕಿದ.

ನಾಲ್ಕು ತಿಂಗಳಲ್ಲಿ ಮನೆ ಎದ್ದು ನಿಂತಿತು. ಎಂಥ ಮನೆ ಅಂತೀರಿ! ಗೋಡೆಗೆ ಆನೆ ಒರಗಿದರೆ ಆನೆಗೇ ನೋವಾಗಬೇಕು. ಒಂದೇ ಸೋಜಿಗವೆಂದರೆ ಸಾಲಾಗಿ ನಲವತ್ತು ಒಲೆ. "ಊಟ ಹಾಕೋ ಮನೆತನವಯ್ಯ ನಮ್ಮದು!" ಎಂದು ತಮ್ಮರಸಯ್ಯ ಬೀಗಿದ್ದೇ ಬೀಗಿದ್ದು.

ಗೃಹಪ್ರವೇಶದ ಬೆಳಿಗ್ಗೆ ಅವನು ಪುರೋಹಿತರೊಂದಿಗೆ, ವಾಲಗದೊಂದಿಗೆ ಬಂದರೆ ನಡುಮನೆಯಲ್ಲಿ ಆಗಲೇ ಹಾಲು ಉಕ್ಕುತ್ತಿದೆ! ಕಾಟಯ್ಯನ ಹೆಂಡತಿ ಸೆರಗು ಸಿಕ್ಕಿಸಿಕೊಂಡು, "ಚಪ್ಪಲಿ ಹೊರಗೆ ಬಿಟ್ಟು ಬನ್ನಿ ಯಜಮಾನರೆ, ಈಗ ತಾನೇ ಸಾರಿಸಿದ್ದೀನಿ" ಎಂದಳು. ಮಾಳಿಗೆಯ ಮೇಲೆ ಯಾರದೋ ಕೌದಿ ಒಣಗುತ್ತಿತ್ತು. ಜಗಲಿಯಲ್ಲಿ ಎಮ್ಮೆ.

ತಮ್ಮರಸಯ್ಯ ನೇರ ಆಸ್ಥಾನಕ್ಕೆ ಓಡಿದ. ಬೆನ್ನ ಹಿಂದೆಯೇ ನಲವತ್ತು ಮಂದಿ.

"ಮಹಾಪ್ರಭು, ಮನೆಗೆ ನುಗ್ಗಿದ್ದಾರೆ!"

"ನುಗ್ಗಿಲ್ಲ ಒಡೆಯ, ಅನುಭವಿಸ್ತಾ ಇದ್ದೀವಿ" ಎಂದ ಕಾಟಯ್ಯ. "ಪೂರ್ತಿ ಅನುಭವ ನಮಗೇ ಅಂತ ಅಪ್ಪಣೆ ಆಗಿದೆ."

"ಅನುಭವ ಅಂದರೆ ತಿಳಿವಳಿಕೆ ಕಣೋ, ಮಂಕೆ!"

ಬಂಕಣ್ಣ ಕಂಕುಳಿಂದ ಹಳೆಯ ಸುರುಳಿಯೊಂದನ್ನು ತೆಗೆದ. "ಪ್ರಭು, ಪ್ರಧಾನಿಗಳಿಗೆ ಹುಲಿಕುಂಟೆ ಗ್ರಾಮವನ್ನು ತಾವು ದಯಪಾಲಿಸಿದ ಸನದು ಇದು. 'ಪುತ್ರಪೌತ್ರ ಪಾರಂಪರ್ಯವಾಗಿ ಸುಖದಿಂದ ಅನುಭವಿಸಿಕೊಂಡು ಬರುವುದು' ಎಂದಿದೆ. ಅನುಭವ ಎಂದರೆ ಒಡೆತನವಾದರೆ ಉಪ್ಪರಿಗೆ ಇವರದು. ಬರೀ ತಿಳಿವಳಿಕೆಯಾದರೆ, ಇಪ್ಪತ್ತು ವರ್ಷದಲ್ಲಿ ಪ್ರಧಾನಿಗಳು ಹುಲಿಕುಂಟೆಯನ್ನು ಸಾಕಷ್ಟು ತಿಳಿದುಕೊಂಡಿದ್ದಾರೆ. ಊರನ್ನು ಇನ್ನು ಅರಮನೆಗೆ ಒಪ್ಪಿಸಬಹುದು."

ದೊರೆಗಳ ಹೊಟ್ಟೆ ನಗುವಿನಿಂದ ಕುಲುಕಾಡತೊಡಗಿತು. "ಯಾವ ಅರ್ಥ ಬೇಕೋ ನೀವೇ ಆರಿಸಿಕೊಳ್ಳಿ, ಪ್ರಧಾನಿಗಳೇ!"

ತಮ್ಮರಸಯ್ಯ ಮನೆಯನ್ನು ನೆನೆದ, ಊರನ್ನು ನೆನೆದ, ಬೆವರು ಒರೆಸಿಕೊಂಡ. ಕೊನೆಗೆ ಬಂಕಣ್ಣನ ಹತ್ತಿರ ಸರಿದು ಮೆಲ್ಲಗೆ ಕೇಳಿದ: "ಮೂರನೆಯ ಅರ್ಥ ಯಾವುದೂ ಇಲ್ಲವೇನಯ್ಯಾ?"

"ಯಾಕಿಲ್ಲ ಸ್ವಾಮಿ?" ಎಂದು ಬಂಕಣ್ಣ ಇಡೀ ಆಸ್ಥಾನಕ್ಕೆ ಕೇಳುವಂತೆ ಹೇಳಿದ. "ಅರ್ಥ ಅಂದರೆ ದುಡ್ಡು ಅಂತಲೂ ಅರ್ಥ. ನಾಲ್ಕು ತಿಂಗಳ ಕೂಲಿ ಇವರ ಕೈಗೆ ಎಣಿಸಿಕೊಡಿ, ಎಲ್ಲರಿಗೂ ಅರ್ಥವಾಗುತ್ತೆ!"