ಸಿದ್ದಮ್ಮನ ಮಗ ಲೈಬ್ರರಿಗೆ ಸೇರಿದ್ದು

ನಗುವವರು ನಗಿ, ಅಡ್ಡಿಯಿಲ್ಲ. ಆದರೆ ಈ ಕತೆಯಲ್ಲಿ ಸಿದ್ದಮ್ಮ ಒಂದು ಸಲವೂ ನಗಲಿಲ್ಲ ಅನ್ನುವುದು ಮಾತ್ರ ನೆನಪಿರಲಿ.

ಕೋಡಿಪೇಟೆ ಅಂತ ಒಂದು ಊರು. ಊರಿಗೊಂದು ಸಾರ್ವಜನಿಕ ಗ್ರಂಥಾಲಯ, ಪಶು ಆಸ್ಪತ್ರೆಯ ಪಕ್ಕದಲ್ಲಿ. ಅಲ್ಲಿ ಕಸ ಗುಡಿಸಿ, ಪೇಪರು ಜೋಡಿಸಿ, ಹರಿದ ಪುಸ್ತಕಕ್ಕೆ ರಟ್ಟು ಹಾಕಿ ಮೂವತ್ತೊಂದು ವರ್ಷ ಸವೆಸಿದವಳು ಸಿದ್ದಮ್ಮ. ಅವಳಿಗೆ ಒಬ್ಬನೇ ಮಗ, ದ್ಯಾವಣ್ಣ. ಆಳೆತ್ತರ ಬೆಳೆದಿದ್ದ, ಮೂವತ್ತು ದಾಟಿದ್ದ, ದಪ್ಪ ಮೀಸೆ ಬಂದಿತ್ತು. ಬುದ್ಧಿ ಒಂದು ಬರುವುದು ಬಾಕಿ ಇತ್ತು. ಹಾಗಂತ ಮಾತು ಕೇಳದವನಲ್ಲ. ಕೇಳುತ್ತಿದ್ದ. ಕೇಳಿದ್ದನ್ನು ಕೇಳಿದ ಹಾಗೇ ಮಾಡುತ್ತಿದ್ದ. ಸಿದ್ದಮ್ಮನ ಕಷ್ಟವೆಲ್ಲ ಅದೇ. ಮಾತು ಕೇಳದ ಮಗನಾಗಿದ್ದರೆ ನಾಲ್ಕು ಜನರ ಮುಂದೆ ಹೇಳಿಕೊಂಡಾದರೂ ಅಳಬಹುದಿತ್ತು.

ಸಿದ್ದಮ್ಮನಿಗೆ ಮೊಣಕಾಲು ಹೋಯಿತು. ಕೂತರೆ ಏಳಲಾರಳು, ಎದ್ದರೆ ಕೂರಲಾರಳು. ಲೈಬ್ರೇರಿಯನ್ ಇಂದ್ರಾಣಿ ಮೇಡಂ ಮುಂದೆ ಹೋಗಿ ನಿಂತಳು.

"ನನ್ನ ಜಾಗಕ್ಕೆ ನಮ್ಮ ದ್ಯಾವನ್ನ ಹಾಕ್ಕೊಳ್ಳಿ ಮೇಡಂ. ನಾನು ಕಣ್ಣು ಮುಚ್ಚಿದರೆ ಅವನನ್ನ ಕೇಳೋರು ಯಾರು?"

ಮೇಡಂ ಪೆನ್ನು ಕಚ್ಚಿಕೊಂಡು ಯೋಚಿಸಿದರು. "ಭಾನುವಾರ ಭಾನುವಾರ ಇಲ್ಲಿ ಏನಾದರೊಂದು ಕಾರ್ಯಕ್ರಮ ಇರತ್ತಲ್ಲ, ಆಗ ಬಂದು ಕೆಲಸ ಮಾಡಲಿ ಸಿದ್ದಮ್ಮ. ನಾಲ್ಕನೇ ಭಾನುವಾರ ಜಿಲ್ಲೆಯಿಂದ ಸಾಹೇಬರು ಬರ್ತಾರೆ. ಅವರು ಒಪ್ಪಿದರೆ ಕೆಲಸ ಅವನದು."

ಸಿದ್ದಮ್ಮ ಮಗನನ್ನು ಎದುರಿಗೆ ಕೂರಿಸಿಕೊಂಡು ಹೇಳಿದಳು: "ಲೈಬ್ರರಿ ಅಂದರೆ ಮೌನ ಕಣೋ. ಯಾರಾದರೂ ಬಾಯಿ ಬಿಟ್ಟರೆ ಬೆರಳು ತುಟಿಗೆ ಇಟ್ಟು 'ಶ್' ಅನ್ನು. ದೊಡ್ಡವರು ಚಿಕ್ಕವರು ನೋಡಬೇಡ. ತಿಳೀತಾ?"

"ತಿಳೀತು ಅವ್ವ."

ಮೊದಲ ಭಾನುವಾರ ಪುಸ್ತಕ ಚರ್ಚೆ. ಮಾತಾಡುವವರು ರುದ್ರಾರಾಧ್ಯ ಮೇಷ್ಟ್ರು, ಪೆನ್ಷನ್ ಆದ ಹೆಡ್‌ಮಾಸ್ತರು. ಲೈಬ್ರರಿಗೆ ಹೊಸದು ಏನು ಬಂದರೂ ಮೊದಲು ಅವರ ಕೈಗೇ ಹೋಗಬೇಕು. ಹೋದದ್ದು ವಾಪಸ್ಸು ಬರುವುದು ಮಾತ್ರ ಅವರು ನೆನೆಸಿಕೊಂಡಾಗ. ಮೇಷ್ಟ್ರು ಎದ್ದು, ಗಂಟಲು ಸರಿಮಾಡಿಕೊಂಡು, "ಆತ್ಮೀಯರೇ" ಅಂದರು.

"ಶ್," ಅಂದ ದ್ಯಾವಣ್ಣ.

ಮೇಷ್ಟ್ರು ಸುತ್ತ ನೋಡಿದರು. ಮತ್ತೆ "ಆತ್ಮೀಯರೇ" ಅಂದರು.

"ಶ್. ಓದೋದಿದ್ದರೆ ಕಣ್ಣಲ್ಲೇ ಓದಿ ಸಾರ್. ಮಾತಾಡೋದಿದ್ದರೆ ಆಚೆ ಹೋಗಿ." ಗೋಡೆಯ ಮೇಲಿನ 'ಮೌನವಾಗಿರಿ' ಹಲಗೆಯನ್ನು ಕೋಲಿನಿಂದ ತೋರಿಸಿದ.

ನಲವತ್ತು ವರ್ಷ ಮಕ್ಕಳಿಗೆ ಅದನ್ನೇ ಹೇಳಿದ್ದ ಮೇಷ್ಟ್ರು, ಅಭ್ಯಾಸ ಬಲದಿಂದ ಕೂತುಬಿಟ್ಟರು. ಮಿಕ್ಕ ಹದಿನೇಳು ಜನರೂ ಕೂತೇ ಇದ್ದರು. ಯಾರಾದರೂ ಕೆಮ್ಮಿದರೆ ದ್ಯಾವಣ್ಣ ಓಡಿ ಬರುತ್ತಿದ್ದ. ಒಂದು ಗಂಟೆ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಚಹಾ ಕುಡಿದು ಎದ್ದು ಹೋದರು.

ಸಿದ್ದಮ್ಮ ಹಣೆ ಚಚ್ಚಿಕೊಂಡಳು. "ಚರ್ಚೆಗೆ ಬಂದವರ ಬಾಯಿ ಮುಚ್ಚಿಸ್ತಾರೇನೋ?"

"ನೀನೇ ಹೇಳಿದ್ದೆಯಲ್ಲ ಅವ್ವ."

"ಹೇಳಿದ್ದೆ, ನನ್ನ ಕರ್ಮ. ಸಭೆ ಅಂದಮೇಲೆ ಜನ ಮಾತಾಡಬೇಕು ಕಣೋ. ಯಾರಾದರೂ ಸುಮ್ಮನೆ ನಿಂತಿದ್ದರೆ ಮೈಕು ತಗೊಂಡು ಹೋಗಿ ಬಾಯಿ ಹತ್ತಿರ ಹಿಡಿ. 'ನೀವೂ ಎರಡು ಮಾತು ಹೇಳಿ' ಅನ್ನು. ಹೇಳಿದ ಮೇಲೆ ಜೋರಾಗಿ ಚಪ್ಪಾಳೆ ತಟ್ಟು. ತಿಳೀತಾ?"

"ಈಗ ತಿಳೀತು ಅವ್ವ."

ಎರಡನೇ ಭಾನುವಾರ ಬಂತು. ಅವತ್ತು ಸಂತಾಪ ಸಭೆ. ಪಾಪ, ಗಿರಿಯಪ್ಪನವರು ಅಂತ, ದಿನಾ ಬೆಳಿಗ್ಗೆ ಬಾಗಿಲು ತೆಗೆಯುವುದಕ್ಕೂ ಮುಂಚೆ ಬಂದು ಮೆಟ್ಟಿಲ ಮೇಲೆ ಪೇಪರಿಗೆ ಕಾಯುತ್ತಿದ್ದವರು, ತೀರಿಕೊಂಡಿದ್ದರು. ಮೇಜಿನ ಮೇಲೆ ಅವರ ಫೋಟೋ, ಫೋಟೋಗೆ ಹಾರ, ಮುಂದೆ ಊದುಬತ್ತಿ. ಇಂದ್ರಾಣಿ ಮೇಡಂ, "ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸೋಣ" ಅಂದರು. ಎಲ್ಲರೂ ಎದ್ದರು, ತಲೆ ತಗ್ಗಿಸಿದರು.

ದ್ಯಾವಣ್ಣ ನೋಡಿದ. ಇಷ್ಟು ಜನ, ಎಲ್ಲರೂ ಸುಮ್ಮನೆ ನಿಂತಿದ್ದಾರೆ. ಮೈಕು ಎತ್ತಿಕೊಂಡ.

"ನೀವೂ ಎರಡು ಮಾತು ಹೇಳಿ," ಅಂತ ಮೊದಲನೆಯವರ ಬಾಯಿಗೆ ಹಿಡಿದ. ಅವರು ತಲೆ ಆಡಿಸಿದರು. "ನೀವೂ ಎರಡು ಮಾತು ಹೇಳಿ," ಎರಡನೆಯವರಿಗೆ. ಅವರು ಕಣ್ಣು ಬಿಟ್ಟು ಹೆದರಿಸಿದರು. ಹೀಗೇ ಸಾಲು ದಾಟಿ ಗಿರಿಯಪ್ಪನವರ ಹೆಂಡತಿಯ ಮುಂದೆ ಹೋಗಿ ನಿಂತ. ಆಕೆ ಮೈಕು ನೋಡಿದ್ದೇ, ಅಷ್ಟು ಹೊತ್ತು ತಡೆದುಕೊಂಡಿದ್ದ ಅಳು ಒಡೆದು, "ನನ್ನ ಬಿಟ್ಟು ಹೋದರಲ್ಲಪ್ಪಾ" ಅಂದರು. ಆ ಮಾತು ಪಶು ಆಸ್ಪತ್ರೆಯವರೆಗೂ ಕೇಳಿಸಿತು.

ದ್ಯಾವಣ್ಣ ಮೈಕು ಕಂಕುಳಲ್ಲಿ ಇಟ್ಟುಕೊಂಡು ಜೋರಾಗಿ ಚಪ್ಪಾಳೆ ತಟ್ಟಿದ.

ಸಿದ್ದಮ್ಮ ಮನೆಗೆ ಬಂದವಳು ಸೀರೆ ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತಳು. ಆಮೇಲೆ, "ಗಂಡ ಸತ್ತವಳ ಮುಂದೆ ಚಪ್ಪಾಳೆ ತಟ್ಟಿದೆಯಲ್ಲೋ, ನೀನು ನನ್ನ ಹೊಟ್ಟೇಲೇ ಹುಟ್ಟಿದೆಯೇನೋ" ಅಂದಳು.

"ಹೂಂ ಅವ್ವ, ನಿನ್ನ ಹೊಟ್ಟೇಲೇ," ಅಂದ ದ್ಯಾವಣ್ಣ. "ಚಪ್ಪಾಳೆ ತಟ್ಟು ಅಂದವಳೂ ನೀನೇ."

"ಅಯ್ಯೋ ಶಿವನೇ. ಕೇಳಿಲ್ಲಿ. ಮೇಜಿನ ಮೇಲೆ ಫೋಟೋ ಇದ್ದರೆ ಮಾತಿಲ್ಲ ಕತೆಯಿಲ್ಲ. ಹಾರ ಹಾಕು, ಊದುಬತ್ತಿ ಹಚ್ಚು, ಕೈ ಮುಗಿ. ಮನೆಯವರ ಹತ್ತಿರ ಹೋಗಿ ಮೆಲ್ಲಗೆ, 'ಧೈರ್ಯ ತಂದ್ಕೊಳ್ಳಿ, ಅಂಥವರು ಇನ್ನು ಸಿಗಲ್ಲ' ಅನ್ನು. ತಿಳೀತಾ?"

"ಈಗ ತಿಳೀತು ಅವ್ವ."

ಮೂರನೇ ಭಾನುವಾರ ಪುಸ್ತಕ ಬಿಡುಗಡೆ. ಪಕ್ಕದ ಪಶು ಆಸ್ಪತ್ರೆಯ ಡಾಕ್ಟರ್ ಯತಿರಾಜ್ ತಾವು ನೋಡಿದ ದನಕರುಗಳ ಬಗ್ಗೆ ಒಂದು ಪುಸ್ತಕ ಬರೆದಿದ್ದರು. ಮೇಜಿನ ಮೇಲೆ ಡಾಕ್ಟರದೇ ದೊಡ್ಡ ಫೋಟೋ ಇಟ್ಟಿದ್ದರು, ನಗುಮುಖದ್ದು. ಡಾಕ್ಟರು ಬರುವುದು ತಡವಾಯಿತು, ಯಾರದೋ ಎಮ್ಮೆ ಕರು ಹಾಕುತ್ತಿತ್ತು. ಡಾಕ್ಟರ ಹೆಂಡತಿ ಮಾತ್ರ ರೇಷ್ಮೆ ಸೀರೆ ಉಟ್ಟು ಮುಂದಿನ ಸಾಲಲ್ಲಿ ಕೂತಿದ್ದರು.

ದ್ಯಾವಣ್ಣ ಒಳಗೆ ಬಂದ. ಮೇಜು ನೋಡಿದ, ಫೋಟೋ ನೋಡಿದ. ಅತಿಥಿಗೆ ಅಂತ ತಂದಿಟ್ಟಿದ್ದ ಹಾರ ತೆಗೆದು ಫೋಟೋಗೆ ಹಾಕಿದ. ಹೋದ ವಾರದ್ದು ಮಿಕ್ಕಿದ್ದ ಊದುಬತ್ತಿ ಹಚ್ಚಿದ. ಕೈ ಮುಗಿದ. ಆಮೇಲೆ ಡಾಕ್ಟರ ಹೆಂಡತಿಯ ಹತ್ತಿರ ಬಗ್ಗಿ ಮೆಲ್ಲಗೆ, "ಧೈರ್ಯ ತಂದ್ಕೊಳ್ಳಿ ಅಮ್ಮ. ಅಂಥವರು ಇನ್ನು ಸಿಗಲ್ಲ" ಅಂದ.

ಆಕೆ ಫೋಟೋ ನೋಡಿದರು, ಹೊಗೆ ನೋಡಿದರು. ಎಮ್ಮೆ ಒದ್ದಿರಬೇಕು ಅಂದುಕೊಂಡರು. ಹಾಗೇ ಪಕ್ಕಕ್ಕೆ ವಾಲಿದರು.

ಜನ ನೀರು ಚಿಮುಕಿಸುತ್ತಿರುವಾಗ ಡಾಕ್ಟರು ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ಬಂದು ನಿಂತರು. ಹೆಂಡತಿ ಒಂದು ಕಣ್ಣು ತೆರೆದು ಅವರನ್ನು ಕಂಡವರು ಇನ್ನೊಂದು ಸಲ ವಾಲಿದರು.

"ಬದುಕಿರೋರಿಗೆ ಊದುಬತ್ತಿ ಹಚ್ಚಿದೆಯಾ?" ಅಂದಳು ಸಿದ್ದಮ್ಮ. "ಅವರು ಬರೆದ ಪುಸ್ತಕ ಬಂದಿತ್ತು ಕಣೋ ಅವತ್ತು. ಪುಸ್ತಕದ ಕಡೆ ಕಣ್ಣಿಡಬೇಕಾ, ಫೋಟೋ ಕಡೆ ಇಡಬೇಕಾ?"

"ಪುಸ್ತಕಕ್ಕೆ ಏನು ಮಾಡಬೇಕಿತ್ತು ಅವ್ವ?"

ಮೂವತ್ತೊಂದು ವರ್ಷ ಮಾಡಿದ ಕೆಲಸ. ಸಿದ್ದಮ್ಮ ಒಂದೇ ಉಸಿರಿಗೆ ಹೇಳಿದಳು: "ಲೈಬ್ರರಿಗೆ ಹೊಸದು ಏನೇ ಬರಲಿ, ತೆಳ್ಳಗಿದ್ದರೆ ರಟ್ಟು ಹಾಕು. ಮುದ್ರೆ ಒತ್ತು. ನಂಬರು ಬರಿ. ಹೊಸ ಪುಸ್ತಕದ ಕಪಾಟಲ್ಲಿಡು. ಯಾರು ಏನೇ ಕೇಳಿದರೂ ಸಹಿ ಹಾಕಿಸಿಕೊಂಡೇ ಕೊಡು. ಹದಿನೈದು ದಿನದ ಗಡುವು. ಗಡುವಿಗೆ ಮುಂಚೆ ಯಾರ ಕೈಯಿಂದಲೂ ಕಿತ್ಕೋಬೇಡ. ತಿಳೀತಾ?"

"ಈಗ ತಿಳೀತು ಅವ್ವ."

ಸಾಹೇಬರು ಬರುವ ನಾಲ್ಕನೇ ಭಾನುವಾರ ಬಂದೇಬಿಟ್ಟಿತು. ಬೆಳಿಗ್ಗೆ ಎದ್ದಾಗಿನಿಂದ ಸಿದ್ದಮ್ಮನಿಗೆ ಅದೇ ಯೋಚನೆ. ಹೊಸದಾಗಿ ಏನು ಹೇಳಿಕೊಟ್ಟರೂ ಅದೇ ಉರುಳಾಗುತ್ತದೆ. ಕೊನೆಗೆ ಬಾಗಿಲ ಪಕ್ಕ ಒಂದು ಸ್ಟೂಲು ಹಾಕಿ ಮಗನನ್ನು ಕೂರಿಸಿದಳು.

"ಇವತ್ತು ಏನೂ ಮಾಡಬೇಡ. ಕೂತಿರು. ಯಾರು ಕರೆದರೂ ಏಳಬೇಡ, ಯಾರು ಕೇಳಿದರೂ ಹೇಳಬೇಡ. ನಾನು 'ಎದ್ದೇಳು' ಅನ್ನೋವರೆಗೂ ಕೂತಿರು."

ಸಾಹೇಬರು ಬಂದು ಕೂತರು, ಪುಸ್ತಕ ಚರ್ಚೆ ಶುರುವಾಯಿತು. ಮೇಷ್ಟ್ರು "ಆತ್ಮೀಯರೇ" ಅಂದರು, ಒಂದು ಕಣ್ಣು ಬಾಗಿಲ ಕಡೆ ಇಟ್ಟು. ಯಾರೂ 'ಶ್' ಅನ್ನಲಿಲ್ಲ. ಮೂರು ವಾರದ ಮಾತೆಲ್ಲ ಬಾಕಿ ಇತ್ತೇನೋ, ಮೇಷ್ಟ್ರು ಒಂದೂವರೆ ಗಂಟೆ ಮಾತಾಡಿದರು. ಜನ ಜಗಳವಾಡಿದರು, ನಕ್ಕರು, ಚಪ್ಪಾಳೆ ತಟ್ಟಿದರು. ದ್ಯಾವಣ್ಣ ಕೂತಿದ್ದ. ಒಂದು ನೊಣ ಮೀಸೆಯ ಮೇಲೆ ಕೂತು, ಬೇಜಾರಾಗಿ ಎದ್ದು ಹೋಯಿತು. ದ್ಯಾವಣ್ಣ ಕೂತಿದ್ದ.

ಸಾಹೇಬರು ಅವನ ಮುಂದೆ ಬಂದರು. "ನೀನೇನಪ್ಪ ಸಿದ್ದಮ್ಮನ ಮಗ?" ಮಾತಿಲ್ಲ. "ಸ್ವಲ್ಪ ಇಲ್ಲಿ ಬಾ." ಅಲುಗಲಿಲ್ಲ. ಸಿದ್ದಮ್ಮ ಕಿಟಕಿಯ ಸರಳು ಹಿಡಿದುಕೊಂಡಳು.

ಸಾಹೇಬರು ಇಂದ್ರಾಣಿ ಮೇಡಂ ಕಡೆ ತಿರುಗಿದರು. "ಎರಡು ಗಂಟೆಯಿಂದ ನೋಡ್ತಿದ್ದೀನಿ. ಮೊಬೈಲ್ ಮುಟ್ಟಲಿಲ್ಲ, ಹರಟೆ ಹೊಡೀಲಿಲ್ಲ. ಕರೆದರೆ ಏಳಲ್ಲ, ಕೇಳಿದರೆ ಹೇಳಲ್ಲ. ಇವನು ನಮ್ಮ ಇಲಾಖೆಗೆ ಹೊಸಬ ಅಂತ ಅನಿಸೋದೇ ಇಲ್ವಲ್ರೀ."

ಅಲ್ಲೇ ಪತ್ರಕ್ಕೆ ಸಹಿ ಹಾಕಿ ದ್ಯಾವಣ್ಣನ ತೊಡೆಯ ಮೇಲೆ ಇಟ್ಟರು. "ಹತ್ತು ದಿನದೊಳಗೆ ಈ ಪತ್ರ ತಗೊಂಡು ಜಿಲ್ಲಾ ಕಚೇರಿಗೆ ಬರಬೇಕು. ಇದೇ ಮೂಲ ಪ್ರತಿ, ಇನ್ನೊಂದು ಕೊಡೋ ಪದ್ಧತಿ ಇಲ್ಲ. ಬರದಿದ್ದರೆ ಪಟ್ಟಿಯಲ್ಲಿ ಮುಂದಿನವರಿಗೆ ಹೋಗತ್ತೆ," ಅಂದು ಜೀಪು ಹತ್ತಿದರು.

ಸಿದ್ದಮ್ಮನಿಗೆ ಮೊಣಕಾಲು ನೋವೇ ಮರೆತುಹೋಯಿತು. "ಎದ್ದೇಳು ಮಗನೇ," ಅಂದಳು, ಕಣ್ಣು ಒರೆಸಿಕೊಳ್ಳುತ್ತ. "ಇನ್ನು ಇದು ನಿನ್ನ ಲೈಬ್ರರಿ. ನಾನು ಇಷ್ಟು ದಿನ ಹೇಳಿದ್ದನ್ನೆಲ್ಲ ನೆನಪಿಟ್ಟುಕೊಂಡು ಮಾಡಿಕೊಂಡು ಹೋಗು. ಮಾರಮ್ಮನಿಗೆ ಒಂದು ಕಾಯಿ ಒಡೆಸಿಕೊಂಡು ಬರ್ತೀನಿ."

ಕಾಯಿ ಒಡೆಸಿಕೊಂಡು ಬರುವಷ್ಟರಲ್ಲಿ ಒಂದು ಗಂಟೆ ಆಯಿತು. ಲೈಬ್ರರಿ ಖಾಲಿಯಾಗಿತ್ತು. ದ್ಯಾವಣ್ಣ ಅವಳ ಹಳೆಯ ಮೇಜಿನ ಹಿಂದೆ ಕೂತಿದ್ದ. ಬೆರಳಿಗೆ ಅಂಟು, ಅಂಗೈಗೆ ನೀಲಿ ಶಾಯಿ.

"ಪತ್ರ ಎಲ್ಲೋ?"

"ಲೈಬ್ರರಿಗೆ ಹೊಸದಾಗಿ ಬಂತಲ್ಲ ಅವ್ವ. ತೆಳ್ಳಗಿತ್ತು. ರಟ್ಟು ಹಾಕಿದೆ. ಮುದ್ರೆ ಒತ್ತಿದೆ, ನಂಬರು ಬರೆದೆ. ಹೊಸ ಪುಸ್ತಕದ ಕಪಾಟಲ್ಲಿಟ್ಟೆ."

ಸಿದ್ದಮ್ಮ ಕಪಾಟಿಗೆ ಹೋದಳು. ಕಪಾಟಲ್ಲಿ ಡಾಕ್ಟರ ದನಕರುಗಳ ಪುಸ್ತಕ ಒಂದೇ ಇತ್ತು.

"ಮೇಷ್ಟ್ರು ತಗೊಂಡು ಹೋದರು," ಅಂದ ದ್ಯಾವಣ್ಣ. "ಕನ್ನಡಕ ಮನೇಲಿ ಮರೆತಿದ್ದರು. 'ತೆಳ್ಳಗಿದೆ, ಕವಿತೆ ಇರಬೇಕು' ಅಂದರು. 'ಹೊಸದು ಸಾರ್' ಅಂದೆ. ಸಹಿ ಹಾಕಿಸಿಕೊಂಡೇ ಕೊಟ್ಟೆ."

ಸಿದ್ದಮ್ಮ ಮೇಷ್ಟ್ರ ಮನೆಗೆ ಓಡಿದಳು. ಬಾಗಿಲಿಗೆ ಬೀಗ. ಪಕ್ಕದ ಮನೆಯಾಕೆ, "ಮಗಳ ಬಾಣಂತನಕ್ಕೆ ಗಂಡ ಹೆಂಡತಿ ಈಗತಾನೇ ಹುಬ್ಬಳ್ಳಿ ಬಸ್ಸು ಹತ್ತಿದರು. ಇನ್ನು ಮೂರು ತಿಂಗಳಿಗೇ ಬರೋದು" ಅಂದಳು. ಮೊಬೈಲು ಓದುವವರ ಶತ್ರು ಅಂತ ಮೇಷ್ಟ್ರು ಅದನ್ನು ಇಟ್ಟುಕೊಂಡವರಲ್ಲ. ಹುಬ್ಬಳ್ಳಿಯಲ್ಲಿ ಮಗಳ ಮನೆ ಎಲ್ಲಿ ಅನ್ನುವುದು ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಕುಂಟುತ್ತ ವಾಪಸ್ಸು ಬಂದಳು. "ಸಾಹೇಬರ ಗಡುವು ಹತ್ತು ದಿನ ಕಣೋ."

"ಲೈಬ್ರರಿ ಗಡುವು ಹದಿನೈದು ಅವ್ವ. ಮುಂಚೆ ಕಿತ್ಕೋಬಾರದು, ನೀನೇ ಹೇಳಿದ್ದೆಯಲ್ಲ." ದ್ಯಾವಣ್ಣ ಸಹಿ ಹಾಕಿಸುವ ದೊಡ್ಡ ಪುಸ್ತಕ ತೆರೆದು ಬೆರಳಿಟ್ಟು ತೋರಿಸಿದ. "ಬೇಜಾರು ಮಾಡ್ಕೋಬೇಡ. ಮೇಷ್ಟ್ರು ತಂದುಕೊಟ್ಟರೆ ಬೇರೆ ಯಾರಿಗೂ ಕೊಡಲ್ಲ. ಮುಂದಿನ ಸರದಿಗೆ ನಿನ್ನ ಹೆಸರೇ ಬರ್ಕೊಂಡಿದ್ದೀನಿ."

ಸಿದ್ದಮ್ಮ ಬಾಯಿ ತೆರೆದಳು. ತೆರೆದವಳು ಮುಚ್ಚಿಕೊಂಡಳು. ಏನಾದರೂ ಹೇಳಿದರೆ ಅವನು ಅದನ್ನು ಮಾಡಿಬಿಡುತ್ತಾನೆ ಅನ್ನುವುದು ಅಷ್ಟು ಹೊತ್ತಿಗೆ ಅವಳಿಗೆ ಚೆನ್ನಾಗಿ ತಿಳಿದಿತ್ತು. ಸುಮ್ಮನೆ ಮೂಲೆಗೆ ಹೋದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ತನ್ನ ಹಳೆಯ ಪೊರಕೆ ಎತ್ತಿಕೊಂಡಳು.

"ಅವ್ವ," ಅಂದ ದ್ಯಾವಣ್ಣ, ಪೆನ್ನು ಮುಂದಕ್ಕೆ ಚಾಚಿ. "ಸಹಿ ಹಾಕಿ ತಗೋ."